ಖುದ್ದಾಗಿ ಬಂದವಳು

ಗೇಟಿನಲ್ಲಿ ಸೆಕ್ಯೂರಿಟಿ ಚಂದ್ರಯ್ಯ ನನ್ನ ಹಣೆಗೆ ಜ್ವರ ನೋಡುವ ಮಿಷಿನ್ ಹಿಡಿದ. ನೂರಾ ಒಂದು ಪಾಯಿಂಟ್ ನಾಲ್ಕು. ಅವನಿಗೆ ನಂಬಿಕೆ ಬರಲಿಲ್ಲ. ಮತ್ತೊಮ್ಮೆ ಹಿಡಿದ. ಮತ್ತೂ ಅಷ್ಟೇ.

"ಪಕ್ಕಕ್ ನಿಂತ್ಕಳವ್ವ. ಒಳಕ್ ಬಿಡಂಗಿಲ್ಲ."

ನನ್ನ ಹಿಂದೆ ಚನ್ನರಾಯಪಟ್ಟಣದ ಬಸ್ಸಿನವರು, ಹಳೇಕೋಟೆ ಬಸ್ಸಿನವರು ಸಾಲು ನಿಂತಿದ್ದರು. ಒಬ್ಬೊಬ್ಬರೇ ನನ್ನನ್ನು ದಾಟಿ ಒಳಗೆ ಹೋದರು. ಕೆಲವರು ದುಪಟ್ಟಾ ಮೂಗಿಗೆ ಒತ್ತಿಕೊಂಡರು. ಎಂಟಕ್ಕೆ ಬೆಲ್ ಹೊಡೆಯಿತು. ಗೇಟು ಮುಚ್ಚಿತು. ನಾನು ಹೊರಗೆ ಉಳಿದೆ.

ಇದು ಎರಡು ಸಾವಿರದ ಇಪ್ಪತ್ತೊಂದರ ಏಪ್ರಿಲ್ ತಿಂಗಳಿನ ಮಾತು. ಕೋವಿಡ್‌ನ ಎರಡನೇ ಅಲೆ ಹಾಸನಕ್ಕೂ ಬಂದಿತ್ತು.

ನನ್ನ ಹೆಸರು ಕೋಮಲಾ. ಶಾಂತಿಗ್ರಾಮದ ಹತ್ತಿರದ ಒಂದು ಹಳ್ಳಿಯ ಕಾಲೋನಿಯವಳು. ಗಂಡ ತೀರಿಕೊಂಡಿದ್ದಾನೆ. ಅವ್ವ ಪಾಪಮ್ಮ, ಒಂಬತ್ತು ವರ್ಷದ ಮಗಳು ನಿಸರ್ಗ, ನಾನು, ಮೂವರೇ ಮನೆಯಲ್ಲಿ. ಹೆದ್ದಾರಿ ಪಕ್ಕದ ಗಾರ್ಮೆಂಟ್ಸ್‌ನಲ್ಲಿ ಆರು ವರ್ಷದಿಂದ ಕಾಲರ್ ಹೊಲಿಯುತ್ತಿದ್ದೆ. ಗಂಟೆಗೆ ಅರವತ್ತು ಕಾಲರ್. ತಲೆ ಎತ್ತಿದರೆ ಐವತ್ತೆಂಟಕ್ಕೆ ಇಳಿಯುತ್ತದೆ. ನೀರು ಕುಡಿಯಲು ಎದ್ದರೆ ಐವತ್ತೈದು. ಒಂದಕ್ಕೆ ಹೋಗಬೇಕಾದರೆ ಕೊರಳಿಗೆ ಹಾಕಿಕೊಳ್ಳಲು ಒಂದು ಪಾಸ್ ಇದೆ. ನಲವತ್ತು ಜನರ ಲೈನಿಗೆ ಎರಡೇ ಪಾಸ್. ಒಂದು ಪಾಸ್ ಸಿಗುವವರೆಗೆ ತೊಡೆ ಬಿಗಿದುಕೊಂಡು ಹೊಲಿಯಬೇಕು. ಆರು ವರ್ಷದಲ್ಲಿ ನನ್ನ ಬಲಭುಜ ಎಡಭುಜಕ್ಕಿಂತ ಒಂದು ಬೆರಳು ಕೆಳಗೆ ಇಳಿದಿದೆ. ಅವ್ವ ಎಣ್ಣೆ ತಿಕ್ಕುವಾಗ ಹೇಳುತ್ತಾಳೆ.

ಗೇಟಿನಲ್ಲಿ ಸಿಕ್ಕಿಬಿದ್ದದ್ದು ಗುರುವಾರ. ಜ್ವರ ಶುರುವಾದದ್ದು ಮಂಗಳವಾರವೇ. ಅವತ್ತು ಹತ್ತೂವರೆ ಹೊತ್ತಿಗೆ ಕೈ ನಡುಗಿ ಸೂಜಿ ಬೆರಳಿಗೆ ಇಳಿಯಿತು. ಫ್ಯಾಕ್ಟರಿಯ ಸಿಕ್ ರೂಮಿಗೆ ಹೋದೆ. ನರ್ಸ್ ರಾಜೀಮತಿ ಇದ್ದರು. ಶ್ರವಣಬೆಳಗೊಳದಿಂದ ದಿನಾ ಓಡಾಡುವವರು. ದನಿ ಎತ್ತಿ ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಅವರು ಬೆರಳಿಗೆ ಪಟ್ಟಿ ಸುತ್ತಿದರು. ಮೈ ಮುಟ್ಟಿದವರೇ ಕಂಕುಳಿಗೆ ಥರ್ಮಾಮೀಟರ್ ಇಟ್ಟರು. ಪುಸ್ತಕದಲ್ಲಿ ನನ್ನ ಹೆಸರು, ಟೋಕನ್ ನಂಬರ್, ಜ್ವರ ಬರೆದುಕೊಂಡರು.

"ಮನೆಗೆ ಹೋಗಿ ಕೋಮಲಾ. ಟೆಸ್ಟ್ ಮಾಡಿಸಿ," ಅಂದರು.

ಅಷ್ಟರಲ್ಲಿ ನಮ್ಮ ಲೈನಿನ ಸೂಪರ್‌ವೈಸರ್ ಮಹೇಶ್ ಬಾಗಿಲಿಗೆ ಬಂದ.

"ಸಿಸ್ಟರ್, ಬರೋ ಮಂಗ್ಳಾರ ಕಂಟೈನರ್ ಓಗ್ಬೇಕು. ಕಾಲರ್ ನಿಂತ್ರೆ ಇಡೀ ಲೈನ್ ನಿಲ್ತದೆ. ಮಾತ್ರೆ ಕೊಟ್ಟು ಕಳ್ಸಿ."

ರಾಜೀಮತಿ ಅವನ ಮುಖ ನೋಡಿದರು. ನನ್ನ ಮುಖ ನೋಡಿದರು. ಎರಡು ಮಾತ್ರೆ ಕೊಟ್ಟರು. ನಾನು ನುಂಗಿ ಮಿಷಿನ್ನಿಗೆ ಹೋದೆ.

ಸಂಜೆ ಬಸ್ಸು ಹತ್ತುವಾಗ ಮಹೇಶ್ ಒಂದು ಪಟ್ಟಿ ಮಾತ್ರೆ ಕೈಗೆ ತುರುಕಿದ. "ನಾಳೆ ಮನೇಲೇ ನುಂಗ್ಕಂಡ್ ಬಾ. ಒಂದ್ ಗಂಟೆ ಮುಂಚೆ ನುಂಗು. ಗೇಟ್ ಮಿಷಿನ್‌ಗೆ ತೋರಾಕಿಲ್ಲ."

ಬುಧವಾರ ನುಂಗಿದೆ. ಇದನ್ನು ನಾನು ಮುಚ್ಚಿಡುವುದಿಲ್ಲ. ನುಂಗಿದೆ, ಗೇಟು ದಾಟಿದೆ, ಇಡೀ ದಿನ ಹೊಲಿದೆ. ನನ್ನ ಪಕ್ಕದ ಮಿಷಿನ್ನಿನಲ್ಲಿ ಸೌಜನ್ಯ ಕೂರುತ್ತಾಳೆ. ಇಪ್ಪತ್ತಮೂರರ ಹುಡುಗಿ. ನಾಲ್ಕು ತಿಂಗಳ ಬಸುರಿ. ಮೂರು ಗಂಟೆಯ ಹೊತ್ತಿಗೆ ಅವಳು ನನ್ನ ಬಾಟಲಿ ಎತ್ತಿ ನೀರು ಕುಡಿದಳು. ದಿನಾ ಕುಡಿಯುವ ಹಾಗೇ ಕುಡಿದಳು. ನಾನು ಬೇಡ ಅನ್ನುವ ಹೊತ್ತಿಗೆ ಬಾಟಲಿ ಅರ್ಧವಾಗಿತ್ತು. ಆಮೇಲೆ ನಾನು ಹೊಲಿದ ಒಂದು ಕಾಲರೂ ನನ್ನ ಕಣ್ಣಿಗೆ ಕಾಣಲಿಲ್ಲ.

ಗುರುವಾರ ಮಾತ್ರೆ ನುಂಗಲಿಲ್ಲ. ಅದಕ್ಕೇ ಮಿಷಿನ್ ನಿಜ ಹೇಳಿತು.

ಗೇಟಿನಿಂದ ನೇರ ಸರ್ಕಾರಿ ಆಸ್ಪತ್ರೆಗೆ ಹೋದೆ. ಮೂಗಿಗೆ ಕಡ್ಡಿ ಹಾಕಿದರು. ಕೇಸು ಜಾಸ್ತಿ, ರಿಪೋರ್ಟ್ ನಾಲ್ಕು ದಿನ ಆಗುತ್ತದೆ, ಅಲ್ಲಿಯವರೆಗೆ ಮನೆ ಬಿಟ್ಟು ಹೊರಡಬೇಡ ಅಂದರು. ಹೊರಗೆ ಹುಣಸೆ ಮರದ ಬುಡದಲ್ಲಿ ಕುಳಿತು ಫ್ಯಾಕ್ಟರಿಯ ಎಚ್.ಆರ್. ಸ್ನೇಹಲತಾ ಮೇಡಂಗೆ ಫೋನ್ ಮಾಡಿದೆ.

"ಪಾಸಿಟಿವ್ ರಿಪೋರ್ಟ್ ಇಲ್ಲದೆ ಲೀವ್ ಕೊಡೋಕೆ ಬರಲ್ಲ ಕೋಮಲಾ," ಅಂದರು.

"ರಿಪೋರ್ಟ್ ಬರಾಕೆ ನಾಕ್ ದಿನ ಆಯ್ತದಂತೆ ಮೇಡಂ."

"ಅಲ್ಲಿವರೆಗೂ ಆಬ್ಸೆಂಟ್ ಅಂತ ಬರುತ್ತೆ. ಐದು ದಿನ ಆಬ್ಸೆಂಟ್ ಆದ್ರೆ ಹೆಸರು ತೆಗೀತಾರೆ. ಗೊತ್ತಲ್ವಾ?"

"ಒಳಕ್ಕೇ ಬಿಡ್ಲಿಲ್ವಲ್ಲ ಮೇಡಂ."

"ಅದು ಸೆಕ್ಯೂರಿಟಿ ರೂಲ್. ಇದು ಲೀವ್ ರೂಲ್. ಎರಡೂ ಬೇರೆ ಬೇರೆ."

ಫೋನ್ ಕಟ್ಟಾಯಿತು. ಹೆಸರು ತೆಗೆದರೆ ಕೆಲಸ ಮಾತ್ರ ಹೋಗುವುದಿಲ್ಲ. ಇಎಸ್‌ಐ ಕಾರ್ಡೂ ಹೋಗುತ್ತದೆ. ಅವ್ವನ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಆ ಕಾರ್ಡಿನ ಮೇಲೆ ಬರುತ್ತಿತ್ತು.

ನಮ್ಮದು ಒಂದೇ ಕೋಣೆ, ಮುಂದೆ ಒಂದು ಜಗುಲಿ. ನಾನು ಕೋಣೆ ಸೇರಿದೆ. ಅವ್ವ, ಮಗಳು ಜಗುಲಿಗೆ ಬಂದರು. ನಿಸರ್ಗ ಹೊಸ್ತಿಲ ಮೇಲೆ ತಟ್ಟೆ ಇಟ್ಟು ಒಂದು ಕೋಲಿನಿಂದ ಒಳಗೆ ತಳ್ಳುತ್ತಿದ್ದಳು. ಮುದ್ದೆ ಬಾಯಿಗೆ ಮಣ್ಣಿನಂತೆ ಸೇರುತ್ತಿತ್ತು. ಸಾರಿನ ವಾಸನೆ ಇಲ್ಲ. ನನ್ನದೇ ಬೆವರಿನ ವಾಸನೆ ಇಲ್ಲ. ಶನಿವಾರ ಉಸಿರು ಮೇಲಕ್ಕೇ ನಿಲ್ಲತೊಡಗಿತು. ಚಾಪೆಯಿಂದ ಬಚ್ಚಲಿಗೆ ಎಂಟು ಹೆಜ್ಜೆ. ನಡುವೆ ಎರಡು ಸಲ ಗೋಡೆ ಹಿಡಿದು ನಿಲ್ಲುತ್ತಿದ್ದೆ. ಕೆಮ್ಮು ಬಂದರೆ ಪಕ್ಕೆಲುಬು ಒಂದೊಂದೂ ಎಣಿಸಿಕೊಳ್ಳುವ ಹಾಗೆ ನೋಯುತ್ತಿತ್ತು. ಜಗುಲಿಯಲ್ಲಿ ಅವ್ವ ಎದ್ದು ಕುಳಿತು, "ಐತಾ, ಉಸ್ರು ಐತಾ?" ಎಂದು ಕೇಳುತ್ತಿದ್ದಳು. ನಾನು ಗೋಡೆಗೆ ಬಡಿದು ಉತ್ತರ ಕೊಡುತ್ತಿದ್ದೆ.

ಭಾನುವಾರ ಸಂಜೆ ಮೊಬೈಲಿಗೆ ರಿಪೋರ್ಟ್ ಬಂತು. ಪಾಸಿಟಿವ್. ಸಂತೋಷಪಟ್ಟೆ. ರೋಗ ಇದೆ ಎಂದು ಬರೆದು ಕೊಟ್ಟರೆ ಸಂತೋಷಪಡುವ ಸ್ಥಿತಿಗೆ ನನ್ನನ್ನು ತಂದಿದ್ದರು. ತಕ್ಷಣ ಸ್ನೇಹಲತಾ ಮೇಡಂಗೆ ವಾಟ್ಸಾಪ್ ಮಾಡಿದೆ. ಸೋಮವಾರ ಹತ್ತು ಗಂಟೆಗೆ ಅವರೇ ಫೋನ್ ಮಾಡಿದರು.

"ವಾಟ್ಸಾಪ್ ನಡೆಯಲ್ಲ. ಲೀವ್ ಫಾರಂಗೆ ಖುದ್ದಾಗಿ ಬಂದು ಸೈನ್ ಮಾಡ್ಬೇಕು."

"ನಂಗೆ ಪಾಸಿಟಿವ್ ಮೇಡಂ."

"ಮನೆಯವರನ್ನ ಕಳಿಸು, ಫಾರಂ ಕೊಡ್ತೀನಿ."

"ಅವ್ವನೂ ಮಗ್ಳೂ ಈಚೆ ಬರಂಗಿಲ್ಲ. ಬಾಗ್ಲಿಗೆ ಚೀಟಿ ಅಂಟ್ಸವ್ರೆ."

"ಭಾನುವಾರ ಬಿಟ್ರೆ ನಾಳೆ ಐದನೇ ದಿನ. ನಾಳೆ ಒಳಗೆ ಸೈನ್ ಆಗಿಲ್ಲ ಅಂದ್ರೆ ನಾನೇನೂ ಮಾಡೋಕಾಗಲ್ಲ. ರೂಲ್ ನಾನು ಮಾಡಿದ್ದಲ್ಲ."

ಮಧ್ಯಾಹ್ನ ಮಹೇಶ್ ಫೋನ್ ಮಾಡಿದ. ಹೇಗಿದ್ದೀಯ ಅನ್ನಲಿಲ್ಲ. "ಲೈನಲ್ಲಿ ಮೂರ್ ಜನಕ್ಕೆ ಜ್ವರ ಬಂದೈತೆ. ಎಲ್ಲಾ ನಿನ್ನಿಂದ್ಲೇ. ಕಾಲೋನಿಯಿಂದ ಒತ್ಕಂಡ್ ಬಂದ್ಬುಟ್ಟೆ. ನಿಮ್ ಜನದ ಬುದ್ಧಿನೇ ಇಷ್ಟು ಕಣ."

ನನ್ನ ಕೈಗೆ ಮಾತ್ರೆ ತುರುಕಿದವನು ಅವನು. ನಾನು ಅದನ್ನು ಹೇಳಲು ಬಾಯಿ ತೆರೆದೆ. ಕೆಮ್ಮು ಬಂತು. ಕೆಮ್ಮು ನಿಲ್ಲುವ ಹೊತ್ತಿಗೆ ಅವನು ಇರಲಿಲ್ಲ.

ಮಂಗಳವಾರ ಬೆಳಿಗ್ಗೆ ಏಳಕ್ಕೆ ನಾನು ಎದ್ದು ಸೀರೆ ಉಟ್ಟೆ. ಎರಡು ಮಾಸ್ಕ್ ಹಾಕಿ ಅದರ ಮೇಲೆ ಸೆರಗು ಸುತ್ತಿದೆ.

"ಎಲ್ಗೆ?" ಅಂದಳು ಅವ್ವ.

"ಫ್ಯಾಕ್ಟ್ರಿಗೆ. ಬಾ ಅಂದವ್ರೆ."

"ನಿನ್ ಕೈಲಿ ಆಯ್ತದಾ?"

"ಆಗಾಕಿಲ್ಲ. ಓಯ್ತೀನಿ."

ಬಸ್ಸು ಹತ್ತಲಿಲ್ಲ. ಆಟೋ ಕರೆಯಲಿಲ್ಲ. ಬಸ್ಸಿನಲ್ಲಿ ಇನ್ನೊಬ್ಬ ಸೌಜನ್ಯ ಕುಳಿತಿರುತ್ತಾಳೆ. ಹೆದ್ದಾರಿ ಬಿಟ್ಟು ನಾಲೆ ಏರಿಯ ಮೇಲೆ ನಡೆದೆ. ಏಳು ಕಿಲೋಮೀಟರ್. ಇನ್ನೂರು ಹೆಜ್ಜೆಗೆ ಒಮ್ಮೆ ಕುಳಿತೆ. ಆಮೇಲೆ ನೂರು ಹೆಜ್ಜೆಗೆ. ಎದುರಿಗೆ ಯಾರಾದರೂ ಕಂಡರೆ ಏರಿ ಇಳಿದು ಹೊಲದಲ್ಲಿ ನಿಂತು ಅವರು ದಾಟಲಿ ಎಂದು ಕಾದೆ. ಹಾಲಿನ ಕ್ಯಾನು ಸೈಕಲ್ಲಿಗೆ ಕಟ್ಟಿಕೊಂಡು ಬಂದ ಒಬ್ಬ ಮುದುಕ ನನ್ನನ್ನು ನೋಡಿ ಸೈಕಲ್ ನಿಲ್ಲಿಸಿದ. ನೀರು ಬೇಕಾ ಅಂದ. ನಾನು ಬಾಟಲಿ ತಂದಿರಲಿಲ್ಲ. ಬೇಕಿತ್ತು. ಬೇಡ ಅಂದೆ. ಅವನು ಸುರಿಯುವ ನೀರಿಗೆ ಬೊಗಸೆ ಒಡ್ಡಬೇಕು. ನನ್ನ ಅವ್ವ ಗೌಡರ ಮನೆಗಳ ಹಿತ್ತಿಲಲ್ಲಿ ಐವತ್ತು ವರ್ಷ ಹಾಗೆ ಬೊಗಸೆ ಒಡ್ಡಿದ್ದಾಳೆ. ಅವನು ಒಳ್ಳೆಯವನೇ ಇರಬಹುದು. ನನ್ನ ಕೈ ಏಳಲಿಲ್ಲ.

ಗೇಟು ಮುಟ್ಟುವಾಗ ಹನ್ನೊಂದೂವರೆ. ಇಪ್ಪತ್ತು ಅಡಿ ದೂರದಲ್ಲೇ ನಿಂತೆ. ಚಂದ್ರಯ್ಯ ಮಿಷಿನ್ ಹಿಡಿದುಕೊಂಡು ಎದ್ದು ಬಂದ.

"ಅಲ್ಲೇ ನಿಲ್ಲಿ ಚಂದ್ರಯ್ಯಣ್ಣ. ಪಾಸಿಟಿವ್ ಬಂದೈತೆ. ಖುದ್ದಾಗಿ ಬರ್ಬೇಕು ಅಂದ್ರು ಮೇಡಂ. ಬಂದಿವ್ನಿ ಅಂತ ಏಳಿ."

ಚಂದ್ರಯ್ಯ ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ ತನ್ನ ಕಾವಲು ಗೂಡಿಗೆ ಹೋಗಿ ಫೋನ್ ಎತ್ತಿದ.

ಸ್ನೇಹಲತಾ ಬಂದರು. ಗೇಟಿನ ಒಳಗೇ ದೂರ ನಿಂತರು. ಮಾಸ್ಕ್ ಮೇಲೆ ಕರವಸ್ತ್ರ ಒತ್ತಿಕೊಂಡಿದ್ದರು. "ಹೀಗೆ ಬರೋದಾ ಕೋಮಲಾ?" ಅಂದರು. ಚಂದ್ರಯ್ಯ ಫಾರಮ್ಮನ್ನೂ ಪೆನ್ನನ್ನೂ ತಂದು ಗೇಟಿನ ಹೊರಗೆ ನೆಲದ ಮೇಲಿಟ್ಟು, ಮೇಲೊಂದು ಕಲ್ಲು ಹೇರಿ, ಓಡುವ ಹಾಗೆ ಹಿಂದೆ ಹೋದ.

ನಾನು ಹೋಗಿ ಎತ್ತಿಕೊಂಡೆ. ಸಹಿ ಮಾಡುವ ಜಾಗದ ಮೇಲೆ ಟೈಪ್ ಮಾಡಿದ ನಾಲ್ಕು ಸಾಲು ಇತ್ತು. ಹತ್ತನೇ ಕ್ಲಾಸು ಪಾಸಾದವಳು ನಾನು. ಓದಿದೆ. "ನನಗೆ ಜ್ವರವಿರುವ ವಿಷಯವನ್ನು ಆಡಳಿತ ಮಂಡಳಿಯಿಂದ ಮುಚ್ಚಿಟ್ಟು ಎರಡು ದಿನ ಕೆಲಸಕ್ಕೆ ಹಾಜರಾಗಿ ಸಹೋದ್ಯೋಗಿಗಳಿಗೆ ತೊಂದರೆ ಉಂಟುಮಾಡಿರುತ್ತೇನೆ. ಈ ಬಗ್ಗೆ ಸಂಸ್ಥೆ ಕೈಗೊಳ್ಳುವ ಯಾವುದೇ ಕ್ರಮಕ್ಕೆ ಬದ್ಧಳಾಗಿರುತ್ತೇನೆ."

ಎರಡು ಸಲ ಓದಿದೆ. ಅಕ್ಷರ ಕುಣಿಯುತ್ತಿದ್ದವು. ಮೂರನೇ ಸಲವೂ ಅದೇ ಇತ್ತು.

"ಇದ್ಕೆ ಸೈನ್ ಆಕಾಕಿಲ್ಲ," ಅಂದೆ.

"ಅದು ಫಾರ್ಮಾಲಿಟಿ. ಎಲ್ಲರಿಗೂ ಇರುತ್ತೆ."

"ಎಲ್ಲಾರ್ಗೂ ಇದ್ರೆ ಎಲ್ಲಾರ್ ಕೈಲೂ ಆಕ್ಸ್ಕಳಿ. ಓದ್ ಮಂಗ್ಳಾರ ಸಿಸ್ಟರ್ ಜ್ವರ ಬರ್ಕಂಡವ್ರೆ. ಮಹೇಶ್ ಸಾ ನನ್ನ ವಾಪಸ್ ಮಿಷಿನ್‌ಗೆ ಕಳ್ಸವ್ರೆ. ಮಾತ್ರೆ ಕೊಟ್ಟೋರೂ ಅವ್ರೇ. ನುಂಗಿದ್ದು ನಾನು. ಅದ್ನೂ ಬರೀತೀನಿ. ಎಲ್ಲಾ ಬರೀತೀನಿ."

ಆ ನಾಲ್ಕು ಸಾಲಿನ ಮೇಲೆ ಅಡ್ಡ ಗೀಟು ಎಳೆದೆ.

"ಅದು ಕಂಪನಿ ಫಾರಂ," ಅಂದರು ಸ್ನೇಹಲತಾ. ಅವರ ದನಿ ಬದಲಾಗಿತ್ತು. "ಈಗ ಮನೆಗೆ ಹೋಗು. ಆಮೇಲೆ ನೋಡೋಣ."

"ಆಮೇಲಿಲ್ಲ ಮೇಡಂ. ಇವತ್ ಐದ್ನೇ ದಿನ. ನೀವೇ ಏಳಿದ್ದು."

ಅವರು ಒಳಗೆ ಹೋದರು. ನನ್ನ ಕಾಲು ನಿಲ್ಲಲಿಲ್ಲ. ಅಲ್ಲೇ ಡಾಂಬರಿನ ಮೇಲೆ, ಗೇಟಿನ ಎದುರು, ದಾರಿಯ ನಡುವೆ ಕುಳಿತುಬಿಟ್ಟೆ. ಹಟದಿಂದ ಕುಳಿತೆ ಎಂದು ಆಮೇಲೆ ಎಲ್ಲರೂ ಹೇಳಿದರು. ಮೊದಲು ಕುಳಿತದ್ದು ಕಾಲು ಸೋತು. ಹಟ ಕುಳಿತ ಮೇಲೆ ಬಂತು.

ಹನ್ನೆರಡಕ್ಕೆ ಒಳಗಿನಿಂದ ಕಂಟೈನರ್ ಲಾರಿ ಬಂದು ಗೇಟಿನ ಹತ್ತಿರ ನಿಂತಿತು. ಡ್ರೈವರ್ ಹಾರ್ನ್ ಹೊಡೆದ. ನಾನು ಏಳಲಿಲ್ಲ. ಮತ್ತೆ ಹೊಡೆದ. ಏಳಬಹುದಿತ್ತು. ಏಳಲಿಲ್ಲ. ಆ ಲಾರಿಯೊಳಗೆ ನಾನು ಜ್ವರದಲ್ಲಿ ಹೊಲಿದ ಕಾಲರ್‌ಗಳು ಇದ್ದವು.

ಮಹೇಶ್ ಓಡಿ ಬಂದ. "ಏಯ್, ಏಳಲೇ ಮೇಲೆ. ಗಾಡಿ ಓಗ್ಬೇಕು."

"ಕಾಗ್ದ ಸರಿ ಮಾಡ್ಕಂಡ್ ಬನ್ನಿ ಸಾ. ಏಳ್ತೀನಿ."

"ಏನ್ ಆಟ ಆಡ್ತಿದೀಯಾ? ಚಂದ್ರಯ್ಯ, ಎಳ್ದಾಕು ಪಕ್ಕಕ್ಕೆ."

ಚಂದ್ರಯ್ಯ ಲಾಠಿ ಹಿಡಿದು ಗೇಟಿನ ಹೊರಗೆ ಬಂದ. ನಾಲ್ಕು ಹೆಜ್ಜೆ ಇಟ್ಟ. ನಾನು ಅವನನ್ನೇ ನೋಡುತ್ತಿದ್ದೆ. ಉಸಿರು ಎಳೆದುಕೊಳ್ಳುವುದು ಬಿಟ್ಟು ಬೇರೆ ಶಕ್ತಿ ನನ್ನಲ್ಲಿ ಇರಲಿಲ್ಲ. ಅವನು ಎಳೆದಿದ್ದರೆ ಚೀಲದಂತೆ ಬಂದುಬಿಡುತ್ತಿದ್ದೆ. ಅವನು ನಿಂತ. ಲಾಠಿಯನ್ನು ಕಂಕುಳಿಗೆ ಸೇರಿಸಿದ.

"ನಾ ಮುಟ್ಟಾಕಿಲ್ಲ ಸಾ."

"ಯಾಕ್ಲಾ?"

"ಮುಟ್ಟುದ್ರೆ ನಂಗೂ ಬತ್ತದೆ. ಆಮೇಲೆ ನಂಗ್ಯಾರ್ ಸಾ ರಜ ಕೊಡೋರು? ನಾನು ಕಂಟ್ರಾಕ್ಟು."

ಅವನು ತಿರುಗಿ ಗೂಡಿಗೆ ಹೋಗಿ ಸ್ಟೂಲಿನ ಮೇಲೆ ಕುಳಿತ. ಮಹೇಶ್ ತಾನೂ ಮುಂದೆ ಬರಲಿಲ್ಲ.

ಮ್ಯಾನೇಜರ್ ಮೇಲಿನ ಕಿಟಕಿಯಿಂದ ನೋಡುತ್ತಿದ್ದರು. ಅವರು ಪೊಲೀಸರಿಗೆ ಫೋನ್ ಮಾಡಿದರಂತೆ. ಪಾಸಿಟಿವ್ ಆದರೆ ಆಂಬುಲೆನ್ಸಿಗೆ ಹೇಳಿ ಎಂದರಂತೆ ಪೊಲೀಸರು. ಆಂಬುಲೆನ್ಸಿನವರು ಮೂರು ಗಂಟೆಯ ಮೇಲೆ ಬರುತ್ತೇವೆ ಎಂದರಂತೆ. ಇದನ್ನೆಲ್ಲ ಚಂದ್ರಯ್ಯ ಗೂಡಿನಿಂದಲೇ ನನಗೆ ಕೇಳುವ ಹಾಗೆ ಜೋರಾಗಿ ಹೇಳಿದ. ಯಾಕೆ ಹೇಳಿದನೋ. ನಾನು ಕೇಳಿರಲಿಲ್ಲ.

ಬಿಸಿಲು ನೆತ್ತಿಗೆ ಬಂತು. ಡಾಂಬರು ಸುಡುತ್ತಿತ್ತು. ಒಂದು ತೊಡೆಯಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಾ ಕುಳಿತೆ. ನಾಲಿಗೆ ಅಂಗುಳಕ್ಕೆ ಅಂಟಿತ್ತು. ಮಾಸ್ಕಿನೊಳಗೆ ಉಸಿರು ಸಾಲುತ್ತಿರಲಿಲ್ಲ. ತೆಗೆದುಬಿಡೋಣ ಅನ್ನಿಸಿತು. ತೆಗೆಯಲಿಲ್ಲ. ಕಣ್ಣು ಕತ್ತಲೆ ಬಂದಾಗಲೆಲ್ಲ ಅಂಗೈ ನೆಲಕ್ಕೆ ಒತ್ತಿದೆ. ಸುಟ್ಟ ಉರಿಗೆ ಎಚ್ಚರ ಬರುತ್ತಿತ್ತು.

ಒಂದು ಗಂಟೆಗೆ ಊಟದ ಬೆಲ್ ಆಯಿತು. ಹೆಂಗಸರು ಅಂಗಳಕ್ಕೆ ಬಂದರು. ನೋಡಿದರು. ನಿಂತರು. ಇನ್ನೂರು, ಇನ್ನೂರೈವತ್ತು ಜನ. ಯಾರೂ ಡಬ್ಬಿ ಬಿಚ್ಚಲಿಲ್ಲ. ನಾನು ಸೌಜನ್ಯಳನ್ನು ಹುಡುಕಿದೆ. ಅವಳು ಎಲ್ಲರ ಹಿಂದೆ, ಗೋಡೆಗೆ ಒರಗಿ, ತಲೆ ತಗ್ಗಿಸಿ ನಿಂತಿದ್ದಳು.

"ಇವ್ಳು ಜ್ವರ ಮುಚ್ಚಿಟ್ಕಂಡು ನಿಮ್ ಮಧ್ಯ ಕೂತಿದ್ಲು," ಎಂದು ಮಹೇಶ್ ಅವರ ಕಡೆ ತಿರುಗಿ ಹೇಳಿದ. "ನಿಮಗೆಲ್ಲಾ ಅಂಟ್ಸಿ ಈಗ ನಾಟ್ಕ ಮಾಡ್ತಾವ್ಳೆ."

ನಾನು ಎದ್ದು ನಿಂತೆ. ಹೇಗೆ ಎದ್ದೆ ಗೊತ್ತಿಲ್ಲ. "ಸಿಸ್ಟರ್ ರಾಜೀಮತೀನ ಕರೀರಿ," ಅಂದೆ. ದನಿ ಹೊರಡಲಿಲ್ಲ. ಮತ್ತೊಮ್ಮೆ ಅಂದೆ. ಚಂದ್ರಯ್ಯ ಅದನ್ನೇ ಕೂಗಿ ಹೇಳಿದ. "ಸಿಸ್ಟರ್‌ನ ಕರೀಬೇಕಂತೆ."

ಕರೆಯುವ ಅಗತ್ಯ ಇರಲಿಲ್ಲ. ರಾಜೀಮತಿ ಸಿಕ್ ರೂಮಿನ ಮೆಟ್ಟಿಲ ಮೇಲೆ ನಿಂತಿದ್ದರು. ಕೈ ಎರಡನ್ನೂ ಏಪ್ರನ್ನಿನ ಜೇಬಿನೊಳಗೆ ಇಟ್ಟಿದ್ದರು. ಸ್ನೇಹಲತಾ ಅವರ ಹತ್ತಿರ ಹೋಗಿ ಏನೋ ಮೆಲ್ಲಗೆ ಹೇಳಿದರು. ರಾಜೀಮತಿ ಕೇಳಿಸಿಕೊಂಡರು. ಅವರಿಗೂ ಮನೆ ಇದೆ. ಅವರದೂ ಇಲ್ಲಿ ಸಂಬಳದ ಕೆಲಸ.

"ಕೋಮಲಾಗೆ ಹೋದ ಮಂಗಳವಾರ ಜ್ವರ ಇತ್ತು," ಅಂದರು. ಎಂದಿನ ಮೆಲುದನಿಯಲ್ಲೇ ಅಂದರು. ಅಂಗಳ ಅಷ್ಟು ಸುಮ್ಮನಿತ್ತು, ಎಲ್ಲರಿಗೂ ಕೇಳಿತು. "ನೂರು ಪಾಯಿಂಟ್ ಎಂಟು. ನಾನು ಬರೆದಿದೀನಿ. ಮನೆಗೆ ಹೋಗು ಅಂತ ಹೇಳಿದ್ದೆ. ಮಹೇಶ್ ಅವರು ಕೆಲಸಕ್ಕೆ ಕಳಿಸಿ ಅಂದ್ರು. ಕಳಿಸಿದ್ದು ನನ್ನ ತಪ್ಪು."

ಇಷ್ಟು ಹೇಳಿ ಒಳಗೆ ಹೋದರು.

ಊಟದ ಅರ್ಧ ಗಂಟೆ ಮುಗಿಯಿತು. ಬೆಲ್ ಹೊಡೆಯಿತು. ಹೆಂಗಸರು ಕದಲಲಿಲ್ಲ. ಘೋಷಣೆ ಕೂಗಲಿಲ್ಲ, ಕೈ ಎತ್ತಲಿಲ್ಲ. ಒಳಗೆ ಹೋಗಲಿಲ್ಲ, ಅಷ್ಟೇ. ಎರಡನೇ ಸಲ ಬೆಲ್ ಹೊಡೆದರು. ಅರಕಲಗೂಡಿನ ಕಡೆಯ ಒಬ್ಬ ಹೆಂಗಸು ಕೆಮ್ಮಿದಳು. ಅವಳ ಪಕ್ಕದವಳು ಅವಳ ಬೆನ್ನು ಸವರಿದಳು.

ಎರಡು ಗಂಟೆಗೆ ಹತ್ತು ನಿಮಿಷ ಇರುವಾಗ ಇನ್ನೊಂದು ಫಾರಂ ಬಂತು. ಅದರಲ್ಲಿ ಆ ನಾಲ್ಕು ಸಾಲು ಇರಲಿಲ್ಲ. ಕೋವಿಡ್ ಪ್ರಯುಕ್ತ ಹದಿನಾಲ್ಕು ದಿನ ರಜೆ. ಪಕ್ಕದಲ್ಲಿ ಪೆನ್ನಿನಲ್ಲಿ ಸಂಬಳರಹಿತ ಎಂದು ಬರೆದಿತ್ತು. ಅದನ್ನು ನೋಡುತ್ತಾ ನಿಂತೆ. ಅದಕ್ಕೂ ಜಗಳ ಇತ್ತು. ಅದಕ್ಕೆ ಬೇಕಾದ ಉಸಿರು ಅವತ್ತು ನನ್ನಲ್ಲಿ ಇರಲಿಲ್ಲ. ಕೆಳಗೆ ನನ್ನ ಅಕ್ಷರದಲ್ಲಿ ಬರೆದೆ: ಸಂಬಳರಹಿತ ಎಂಬುದಕ್ಕೆ ನನ್ನ ಒಪ್ಪಿಗೆ ಇಲ್ಲ. ಸಹಿ ಹಾಕಿದೆ. ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ. ಕಲ್ಲು ಹೇರಿ ಹಿಂದೆ ಸರಿದೆ.

ಲಾರಿ ನನ್ನನ್ನು ದಾಟಿ ಹೋಯಿತು. ಡ್ರೈವರ್ ಗಾಜು ಏರಿಸಿಕೊಂಡಿದ್ದ.

ವಾಪಸು ನಡೆಯುವಾಗ ಅರ್ಧ ದಾರಿಯಲ್ಲಿ ಮೈ ಕೈಕೊಟ್ಟಿತು. ನಾಲೆ ಏರಿಯ ಮೇಲೆ ಮಲಗಿಬಿಟ್ಟೆ. ಕಣ್ಣು ಬಿಟ್ಟಾಗ ಅವ್ವ ಪಕ್ಕದಲ್ಲಿದ್ದಳು. ಬಾಗಿಲಿಗೆ ಅಂಟಿಸಿದ ಚೀಟಿ ದಾಟಿ ನನ್ನನ್ನು ಹುಡುಕಿಕೊಂಡು ಬಂದಿದ್ದಳು.

"ದೂರ ಕೂತ್ಕಳವ್ವ," ಅಂದೆ.

"ಸುಮ್ಕಿರು," ಅಂದಳು. ನನ್ನ ತಲೆಯನ್ನು ತೊಡೆಗೆ ಎತ್ತಿಕೊಂಡಳು. ನಾನು ಬೇಡ ಅನ್ನಬೇಕಿತ್ತು. ಅನ್ನಲಿಲ್ಲ.

ನೀರು ಕುಡಿಯುತ್ತಿರುವಾಗ ಫೋನ್ ಬಂತು. ಸೌಜನ್ಯ.

"ಅಕ್ಕಾ," ಅಂದಳು. ಅಳುತ್ತಿದ್ದಳು. "ನಂಗೂ ಎಲ್ಡ್ ದಿನದಿಂದ ಜ್ವರ. ಇವತ್ತೂ ಮಹೇಶ್ ಸಾ ಕೊಟ್ಟ ಮಾತ್ರೆ ನುಂಗೇ ಬಂದಿದ್ದೆ. ನೀನು ಬಿಸ್ಲಲ್ ಕೂತಿದ್ರೆ ನಾನು ಇಂದೆ ನಿಂತ್ಕಂಡೆ."

"ಡಾಕ್ಟ್ರಿಗೆ ತೋರ್ಸು. ಇವತ್ತೇ ತೋರ್ಸು. ಬಸುರಿ ಅಂತ ಮೊದ್ಲೇ ಏಳು."

"ತೋರಿಸ್ತೀನಿ. ನಾಳಿಂದ ನುಂಗಾಕಿಲ್ಲ ಅಕ್ಕಾ. ಬರ್ದು ಕೊಡ್ತೀನಿ. ಎಂಗ್ ಬರೀಬೇಕು ಅಂತ ಏಳ್ಕೊಡು."

ನಾನು ಅವ್ವನ ಭುಜ ಹಿಡಿದು ಎದ್ದು ಕುಳಿತೆ.

"ಪೆನ್ ತಗ," ಅಂದೆ. "ಮೊದ್ಲು ಯಾವ್ ದಿನ ಅಂತ ಬರಿ. ಆಮೇಲೆ ಎಷ್ಟ್ ಗಂಟೆ. ಆಮೇಲೆ ಮಾತ್ರೆ ಯಾರ್ ಕೊಟ್ರು ಅಂತ."

ಅತ್ತ ಕಡೆ ಹಾಳೆ ಮಗುಚಿದ ಸದ್ದು ಬಂತು. ನನಗೆ ಕೆಮ್ಮು ಬಂತು. ಅವ್ವ ಬೆನ್ನಿಗೆ ಕೈ ಕೊಟ್ಟಳು. ಕೆಮ್ಮು ನಿಂತಾಗ ಸೌಜನ್ಯ ಕೇಳಿದಳು.

"ಅವ್ರ್ ಎಸ್ರು ಬರೀಲಾ ಅಕ್ಕಾ?"

"ಬರಿ. ಪೂರ್ತಿ ಎಸ್ರು ಬರಿ."